ಮೊದಲು ಜೇಬು, ಆಮೇಲೆ ನೀರು

ರಿವಾಲ್ವರನ್ನು ನನ್ನ ಅಂಗೈ ಮೇಲಿಟ್ಟು ಬಂದೂಕಿನ ಅಂಗಡಿಯವನು ನನ್ನ ಮುಖವನ್ನೇ ನೋಡುತ್ತ ನಿಂತ. ಆ ಹೊತ್ತಿಗೆ ಎಲ್ಲ ಗಿರಾಕಿಗಳೂ ಏನಾದರೊಂದು ಹೇಳುತ್ತಾರೇನೋ. ಚಿಕ್ಕಂದಿನಿಂದ ಇಸ್ತ್ರಿ ಪೆಟ್ಟಿಗೆ ಎತ್ತಿದ ಕೈ ನನ್ನದು. ಅದಕ್ಕೆ ಇದು ಒಂದು ಭಾರವೇ ಆಗಿರಲಿಲ್ಲ.

"ಹಗುರ ಅಲ್ವಾ?" ಅಂದ ಅವನೇ. "ಭಾರ ಇದ್ರೆ ಜನ ಮನೇಲೇ ಬಿಟ್ಟು ಬರ್ತಾರೆ ಮೇಡಂ. ಮನೇಲಿ ಬಿಟ್ಟ ಛತ್ರಿ ಮಳೆ ತಡೆಯುತ್ತಾ? ಇದು ಜೇಬಲ್ಲಿದ್ರೆ ಇದೆ ಅನ್ನೋದೇ ಮರೆತು ಹೋಗುತ್ತೆ."

ಅವನು ಅದನ್ನು ಹೊಗಳಿಕೆ ಎಂದುಕೊಂಡೇ ಹೇಳಿದ. ನಾನೂ ಹೊಗಳಿಕೆ ಎಂದುಕೊಂಡೇ ಕೇಳಿಸಿಕೊಂಡೆ.

ಆಮೇಲೆ ಒಂದು ಗುಂಡನ್ನು ಎತ್ತಿ ಅದರ ಹಿಂಬದಿಯ ಅಂಚನ್ನು ಉಗುರಿನಿಂದ ತೋರಿಸಿದ. ಗುಂಡು ನನ್ನ ಕಿರುಬೆರಳಿನ ತುದಿಗಿಂತ ತೆಳ್ಳಗಿತ್ತು. "ಇದರ ಮದ್ದು ಈ ಅಂಚಲ್ಲಿ ಇರುತ್ತೆ. ಇಲ್ಲಿ ಪೆಟ್ಟು ಬಿತ್ತು ಅಂದ್ರೆ ಹಾರಿತು ಅಂತಲೇ. ಅದಕ್ಕೇ ಗುಂಡು ತುಂಬಿ ಎಲ್ಲೆಂದ್ರಲ್ಲಿ ಎಸೀಬೇಡಿ, ಬೀಳಿಸ್ಬೇಡಿ. ದಿನಾ ಬೆಳಿಗ್ಗೆ ಈ ಗುಂಡು ಕೂರೋ ಚಕ್ರ ಬಿಚ್ಚಿ ನೋಡ್ಕೊಳಿ, ಎಲ್ಲ ಸರಿ ಇದೆಯಾ ಅಂತ." ಪಕ್ಕದಲ್ಲಿದ್ದ ಪುಟ್ಟ ಗುಂಡಿಯನ್ನು ಒತ್ತಿದ, ಚಕ್ರ ಹೊರಗೆ ಬಂತು. ಮತ್ತೆ ಒಳಗೆ ತಳ್ಳಿದ. ಬಳೆ ಅಂಗಡಿಯವನು ಬಳೆ ತೋರಿಸುವಷ್ಟು ಸಲೀಸಾಗಿ ತೋರಿಸಿದ. ನಾನು ತಲೆಯಾಡಿಸಿ ಲೈಸೆನ್ಸಿನ ಕಾಗದ ಮುಂದಿಟ್ಟೆ.

ಮನೆಗೆ ಬಂದು ಅಕ್ಕನ ಮುಂದೆ ಅದನ್ನಿಟ್ಟಾಗ ಅವಳು ಮುಟ್ಟಲಿಲ್ಲ. ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ," ಅಂದಳು. ಭಾವ ಮಾತ್ರ ಅದನ್ನು ಎತ್ತಿ, ತಿರುಗಿಸಿ, ಕಿಟಕಿಯ ಕಡೆ ಗುರಿ ಹಿಡಿದು ನೋಡಿದರು. ಬಸ್ಸು ಓಡಿಸುವ ಅವರಿಗೆ ಕೈಯಲ್ಲಿ ಏನು ಸಿಕ್ಕರೂ ತಿರುಗಿಸಬೇಕು.

"ಇಡ್ರೀ ಅದನ್ನ," ಅಂದಳು ಅಕ್ಕ. ಅವರು ಇಟ್ಟರು.

ನಮ್ಮದು ಲಾಂಡ್ರಿ. ಅಮ್ಮ ಶುರುಮಾಡಿದ್ದು, ಈಗ ನಾವಿಬ್ಬರು ನಡೆಸುತ್ತಿದ್ದೇವೆ. ಮುಂದೆ ಕೌಂಟರು, ಹಿಂದೆ ದುಂಡು ಗಾಜಿನ ಬಾಗಿಲಿನ ದೊಡ್ಡ ಮಷೀನು, ಒಣಗಿಸುವ ಕೋಣೆ, ಇಸ್ತ್ರಿ ಮೇಜು. ಅಮ್ಮ ಓದಿದವಳಲ್ಲ, ಆದರೆ ಅಂಗಡಿಗೆ ಒಂದು ಕಾನೂನು ಮಾಡಿಟ್ಟು ಹೋದಳು. ಮೊದಲು ಜೇಬು, ಆಮೇಲೆ ನೀರು. ಯಾರ ಬಟ್ಟೆಯೇ ಬರಲಿ, ನ್ಯಾಯಾಧೀಶರದ್ದೋ ಗಾರೆ ಕೆಲಸದವನದ್ದೋ, ಜೇಬಿಗೆ ಕೈ ಹಾಕದೆ ನೀರು ಮುಟ್ಟಿಸುವ ಹಾಗಿಲ್ಲ. ಸಿಕ್ಕಿದ್ದನ್ನು ಒಂದು ಪುಟ್ಟ ಬಟ್ಟೆ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಗುರುತಿನ ಚೀಟಿ ಸಿಕ್ಕಿಸಿ, ಗೋಡೆಯ ಮೊಳೆಗೆ ನೇತು ಹಾಕಬೇಕು. ಬಟ್ಟೆಯ ಜೊತೆ ಚೀಲವನ್ನೂ ವಾಪಸು ಕೊಡಬೇಕು. ಇದೇನು ಎಂದು ಮಾತ್ರ ಕೇಳಬಾರದು. ಮಗುವಿನ ಹಲ್ಲು, ಬೇರೆ ಹೆಂಗಸಿನ ಓಲೆ, ಅರ್ಧ ಬರೆದ ರಾಜೀನಾಮೆ, ಒಂದು ಸಲ ಜೀವಂತ ಬಸವನಹುಳು. ನಾವು ಯಾವುದನ್ನೂ ಕೇಳಿದವರಲ್ಲ. "ಕೇಳಿದ್ರೆ ನಾಳೆ ಬೇರೆ ಲಾಂಡ್ರಿಗೆ ಹೋಗ್ತಾರೆ," ಅನ್ನುತ್ತಿದ್ದಳು ಅಮ್ಮ.

ಅಕ್ಕನಿಗೆ ಈ ಕೆಲಸ ಎಷ್ಟು ರಕ್ತಗತವಾಗಿದೆಯೆಂದರೆ ಅವಳ ಕೈ ಕಣ್ಣಿಗಿಂತ ಮೊದಲು ಹೋಗುತ್ತದೆ. ಭಾವ ಅಂಗಿ ಬಿಚ್ಚಿದರೆ ಅದು ಗೂಟಕ್ಕೆ ಬೀಳುವ ಮುಂಚೆ ಜೇಬು ಖಾಲಿ. ಮದುವೆಮನೆಯಲ್ಲಿ ಯಾರೋ ಹಿರಿಯರ ಕೋಟು ಹಿಡಿದುಕೊಳ್ಳಲು ಕೊಟ್ಟಾಗ ಮಾತಾಡುತ್ತ ಮಾತಾಡುತ್ತಲೇ ಅವರ ಜೇಬನ್ನೆಲ್ಲ ಖಾಲಿ ಮಾಡಿ ಅವರ ಕೈಗಿಟ್ಟಿದ್ದಳು. ಗಿರಾಕಿಗಳು ಅವಳಿಗೆ ಜೇಬಕ್ಕ ಎಂದೇ ಹೆಸರಿಟ್ಟಿದ್ದಾರೆ. ನನಗೆ ಅಂಥ ಹೆಸರೇನೂ ಇಲ್ಲ. ಅಕ್ಕ ಸಣ್ಣಿ ಅನ್ನುತ್ತಾಳೆ, ಸಣ್ಣಗಿದ್ದ ಕಾಲ ಯಾವತ್ತೋ ಮುಗಿದಿದ್ದರೂ.

ರಿವಾಲ್ವರು ಯಾಕೆ ಬಂತು ಎಂದು ಹೇಳಬೇಕಲ್ಲ. ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದ ಒಂದು ಮಧ್ಯಾಹ್ನ ಒಬ್ಬ ಬಟ್ಟೆ ಗಂಟು ಹಿಡಿದುಕೊಂಡು ಬಂದ. ಗಂಟನ್ನು ಕೌಂಟರಿನ ಮೇಲಿಟ್ಟು, ನಾನು ಚೀಟಿ ಬರೆಯಲು ತಲೆ ಬಗ್ಗಿಸಿದಾಗ ಕತ್ತಿಗೆ ಚಾಕು ಹಿಡಿದ. ಕೂಗಲಿಲ್ಲ, ಬೈಯಲೂ ಇಲ್ಲ. ಗಲ್ಲಾ ಬರಿದು ಮಾಡಿಸಿದ, ನನ್ನ ಮೇಲಂಗಿಯ ಜೇಬನ್ನು ನನ್ನ ಕೈಯಿಂದಲೇ ಹೊರಗೆ ತಿರುವಿ ಹಾಕಿಸಿದ. ಕೌಂಟರಿನ ಕೆಳಗೆ ಕೂರಿಸಿ, ಅಲ್ಲಾಡಿದರೆ ನೋಡು ಅಂದ. ಅವನ ಬೂಟಿನ ಒಂದು ದಾರ ಬಿಚ್ಚಿತ್ತು. ಅದನ್ನೇ ನೋಡುತ್ತ ಕೂತೆ. ಬೂಟು ಹೋದ ಮೇಲೂ ಕೂತೇ ಇದ್ದೆ.

ಆಮೇಲೆ ಎದ್ದು ಅವನು ತಂದ ಗಂಟನ್ನು ಬಿಚ್ಚಿ, ಎಲ್ಲ ಜೇಬು ನೋಡಿ, ಒಗೆಯಲು ಹಾಕಿದೆ.

ಇದನ್ನು ಕೇಳಿದವರು ನಂಬುವುದಿಲ್ಲ. ಪೊಲೀಸರಂತೂ ತಲೆ ಚಚ್ಚಿಕೊಂಡರು. ಅಕ್ಕ ಬಂದು ಬಾಯಿ ಬಡಿದುಕೊಂಡು ಅವರನ್ನು ಕರೆಸುವ ಹೊತ್ತಿಗೆ ಕಳ್ಳನ ಎರಡು ಪ್ಯಾಂಟು, ಮೂರು ಅಂಗಿ, ಒಂದು ಹಾಸಿಗೆ ಹೊದಿಕೆ ಒಗೆದು ಒಣಗಿ, ಇಸ್ತ್ರಿಯಾಗಿ, ಕಾಗದದಲ್ಲಿ ಸುತ್ತಿ, ಚೀಟಿ ಹಚ್ಚಿ ಕಪಾಟಿನಲ್ಲಿದ್ದವು. "ಸಾಕ್ಷಿ ಅಮ್ಮಾ ಅದು, ಸಾಕ್ಷಿ," ಅಂದ ಇನ್‌ಸ್ಪೆಕ್ಟರು. "ಒಂದು ಕಲೇನೂ ಬಿಟ್ಟಿಲ್ವಲ್ಲ." ಬೇರೆ ಯಾವ ದಿನವಾದರೂ ಆ ಮಾತು ಕೇಳಿ ನಾವು ಉಬ್ಬಿಹೋಗುತ್ತಿದ್ದೆವು. ಕಳ್ಳ ಸಿಗಲಿಲ್ಲ. ಗಂಟು ಇನ್ನೂ ಕಪಾಟಿನಲ್ಲೇ ಇದೆ.

ಅಂದಿನಿಂದ ನನಗೆ ಏನೂ ಆಗುತ್ತಿರಲಿಲ್ಲ. ಹೆದರಿಕೆಯಾಗುತ್ತಾ ಎಂದು ಎಲ್ಲರೂ ಕೇಳಿದರು. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಊಟ ಬಾಯಿಗೆ ಹೋಗುತ್ತಿತ್ತು, ರುಚಿ ಹೋಗುತ್ತಿರಲಿಲ್ಲ. ಭಾವ ಹೇಳುವ ಹಳೇ ಜೋಕಿಗೆ ನಗಬೇಕಾದ ಜಾಗ ಗೊತ್ತಿತ್ತು, ಅಲ್ಲಿ ನಗುತ್ತಿದ್ದೆ. ಅಕ್ಕನ ಮಗಳು ಹೆತ್ತು, ಆ ಕೂಸನ್ನು ನನ್ನ ಮಡಿಲಿಗೆ ಹಾಕಿದಾಗ ಎಲ್ಲರೂ ನನ್ನ ಮುಖ ನೋಡಿದರು. ಒಗೆದ ಬಟ್ಟೆಯ ಗಂಟು ಹಿಡಿದ ಹಾಗೆ ಹಿಡಿದುಕೊಂಡಿದ್ದೆ. ಚೆನ್ನಾಗಿದೆ ಅಂದೆ. ಆ ಮಗುವಿಗೆ ನಾನು ಮಾಡಿದ ಅನ್ಯಾಯ ಅದು ಎಂದು ಗೊತ್ತಿತ್ತು, ಆದರೆ ಗೊತ್ತಿತ್ತು, ಅಷ್ಟೇ. ಒಂದು ದಿನ ಇಸ್ತ್ರಿ ಪೆಟ್ಟಿಗೆಯ ಅಂಚು ಮಣಿಕಟ್ಟಿಗೆ ತಾಗಿ ಚರ್ಮ ಸುಟ್ಟ ವಾಸನೆ ಬಂತು. ವಾಸನೆ ಬಂದ ಮೇಲೆಯೇ ಕೈ ತೆಗೆದದ್ದು. ಅಕ್ಕ ಓಡಿ ಬಂದು ನೀರಿಗೆ ಹಿಡಿದಳು. ಅವಳ ಕಣ್ಣು ನನ್ನ ಗಾಯದ ಮೇಲಿರಲಿಲ್ಲ, ಮುಖದ ಮೇಲಿತ್ತು.

ರಿವಾಲ್ವರು ಬಂದ ಮೇಲೆ ನಾನು ಮತ್ತೆ ಕೌಂಟರಿನಲ್ಲಿ ಒಬ್ಬಳೇ ಕೂರತೊಡಗಿದೆ. ಗುಂಡು ತುಂಬಿಟ್ಟೆ. ನೀಲಿ ಮೇಲಂಗಿಯ ಬಲ ಜೇಬು ಅದರ ಜಾಗ. ಬೆಳಿಗ್ಗೆ ಮೇಲಂಗಿ ತೊಟ್ಟಾಗ ಅದು ತೊಡೆಗೆ ತಾಗುತ್ತಿತ್ತು, ಆಮೇಲೆ ಮರೆತುಹೋಗುತ್ತಿತ್ತು. ದಿನಾ ಚಕ್ರ ಬಿಚ್ಚಿ ನೋಡಿ ಎಂದಿದ್ದನಲ್ಲ ಅಂಗಡಿಯವನು, ಅದನ್ನು ಒಂದು ದಿನವೂ ಮಾಡಲಿಲ್ಲ. ನೋಡಬೇಕು ಅನ್ನಿಸಲಿಲ್ಲ. ಅನ್ನಿಸುವುದು ಎನ್ನುವುದೇ ನಿಂತುಹೋಗಿತ್ತು.

ಅಕ್ಕ ತನ್ನ ಇಸ್ತ್ರಿ ಮೇಜನ್ನು ಹಿಂದಿನಿಂದ ಎಳೆದು ಕೌಂಟರಿನ ಬೆನ್ನಿಗೇ ತಂದು ಹಾಕಿಕೊಂಡಳು. "ಹಿಂದೆ ಉಸಿರುಗಟ್ಟುತ್ತೆ ಕಣೆ," ಅಂದಳು. ಜಾಗ ಇಕ್ಕಟ್ಟಾಯಿತು. ನಾನು ತಿರುಗಿದರೆ ಅವಳ ಮೊಣಕೈ ತಾಗುತ್ತಿತ್ತು. ಮೇಲಾಗಿ ಬಟ್ಟೆ ಇಲ್ಲದಾಗಲೂ ಪೆಟ್ಟಿಗೆ ಕಾದೇ ಇರುತ್ತಿತ್ತು. "ಕರೆಂಟಿನವರು ನಿನ್ನ ಚಿಕ್ಕಪ್ಪನ ಮಕ್ಕಳಾ?" ಎಂದು ಕೇಳಿದೆ. "ಇರ್ಲಿ ಬಿಡು, ಆರಿಸಿದ್ರೆ ಮತ್ತೆ ಕಾಯೋಕೆ ಹೊತ್ತು ಬೇಕು," ಅಂದಳು. ಬಾಗಿಲ ಗಂಟೆ ಕಿಣಿ ಎಂದಾಗಲೆಲ್ಲ ನನ್ನ ಬೆನ್ನ ಹಿಂದೆ ಪೆಟ್ಟಿಗೆಯನ್ನು ಸ್ಟ್ಯಾಂಡಿನಿಂದ ಎತ್ತಿದ ಸದ್ದಾಗುತ್ತಿತ್ತು. ಗಿರಾಕಿ ಬಂದರೆ ಕೆಲಸ ಮಾಡುವವಳ ಹಾಗೆ ಕಾಣಲಿ ಎಂದು ಎತ್ತುತ್ತಾಳೆ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನದ ಮಾತನ್ನೂ ಹೇಳಿಬಿಡಬೇಕು. ಗಿರಾಕಿ ಯಾರೂ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಒಗೆಯಬೇಕಾದ ಹೊದಿಕೆಗಳ ರಾಶಿಯ ಮೇಲೆ ಕೂತಿದ್ದೆ. ಕೈ ಜೇಬಿಗೆ ಹೋಯಿತು, ರಿವಾಲ್ವರನ್ನು ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಿತು. ಕಳ್ಳ ಇರಲಿಲ್ಲ, ಯಾರೂ ಇರಲಿಲ್ಲ, ನಾನೊಬ್ಬಳೇ ಇದ್ದೆ. ಇದನ್ನು ಯಾರಿಗೆ ಎಂದು ತಂದೆ ಎಂಬ ಪ್ರಶ್ನೆ ಬಂತು. ದುಃಖವಾಗಿ ಬಂದದ್ದಲ್ಲ. ಬಾಗಿಲು ಹಾಕಿದೆನಾ, ಗ್ಯಾಸ್ ಆರಿಸಿದೆನಾ ಎಂದು ಬರುವ ಯೋಚನೆಯ ಹಾಗೆ ಬಂತು, ಬಂದು ಅಲ್ಲೇ ಕೂತಿತು. ಅಷ್ಟರಲ್ಲಿ ಅಕ್ಕ ಒಳಗೆ ಬಂದಳು. ನೋಡಿದಳು. "ಗಂಜಿ ಹಾಕೋ ಬಕೆಟ್ ಎಲ್ಲಿಟ್ಟೆ?" ಎಂದು ಕೇಳಿದಳು. ಬಕೆಟ್ಟು ಅವಳ ಕಾಲ ಬುಡದಲ್ಲೇ ಇತ್ತು. ತೋರಿಸಿದೆ. ಎತ್ತಿಕೊಂಡು ಹೋಗಲಿಲ್ಲ, ನಾನು ಏಳುವ ತನಕ ನಿಂತೇ ಇದ್ದಳು. ನಾನು ಅದನ್ನು ಜೇಬಿಗೆ ಹಾಕಿಕೊಂಡು ಎದ್ದೆ.

ಅದಾದ ಮೇಲೆ ಅಕ್ಕ ನನ್ನನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾಳೆ ಎಂದು ಗೊತ್ತಾಯಿತು. ನಾನು ಬಚ್ಚಲಿಗೆ ಹೋದರೆ ಹೊರಗೆ ನಿಂತು ಸೋಪಿನ ಬೆಲೆಯ ಬಗ್ಗೆ ಮಾತಾಡುತ್ತಿದ್ದಳು. ಏನೂ ಕೇಳಲಿಲ್ಲ. ಜೇಬಿನಲ್ಲಿದ್ದದ್ದರ ಬಗ್ಗೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ನಾನು ಹೇಳಲೂ ಇಲ್ಲ. ಹೀಗೆ ದಿನಗಳು ಹೋಗುತ್ತಿದ್ದವು. ಗೋಡೆಯ ಮೊಳೆಗಳಲ್ಲಿ ಚೀಲಗಳು ಬರುತ್ತಿದ್ದವು, ಹೋಗುತ್ತಿದ್ದವು. ಕೊನೆಯ ಮೊಳೆಯ ಒಂದು ಬಿಳಿ ಚೀಲ ಮಾತ್ರ ಚೀಟಿಯಿಲ್ಲದೆ ಹಾಗೇ ಇತ್ತು. ಯಾರೋ ಮರೆತ ಗಿರಾಕಿಯದ್ದು ಎಂದುಕೊಂಡು ಅದರ ಧೂಳನ್ನೂ ಹೊಡೆಯುತ್ತಿದ್ದೆ.

ತುತ್ತೂರಿಯವನು ಬಂದದ್ದು ಒಂದು ಬೆಳಿಗ್ಗೆ. ಬ್ಯಾಂಡಿನಲ್ಲಿ ತುತ್ತೂರಿ ಊದುವವನು ಅವನು, ಊದಿ ಊದಿ ಕೆನ್ನೆ ಸುಮ್ಮನಿದ್ದಾಗಲೂ ಉಬ್ಬಿದ ಹಾಗೇ ಕಾಣುತ್ತದೆ. ತನ್ನ ಕೆಂಪು ಕೋಟು ಒಂದನ್ನು ಇಸ್ತ್ರಿಗೆ ಕೊಟ್ಟಿದ್ದ, ಇನ್ನೊಂದನ್ನು ಒಗೆಯಲು ತಂದಿದ್ದ.

"ಜೇಬಕ್ಕಾ, ಬೇಗ ಕೊಡಿ, ಮೆರವಣಿಗೆ ನನಗೋಸ್ಕರ ಕಾಯಲ್ಲ," ಎಂದು ಸ್ಟೂಲಿನ ಮೇಲೆ ಕೂತ.

"ಕಾಯ್ಲಿ ಬಿಡು, ನೀನಿಲ್ದೆ ಇದ್ರೆ ಜನಕ್ಕೆ ಕಿವಿಯಾದ್ರೂ ಉಳಿಯುತ್ತೆ," ಅಂದಳು ಅಕ್ಕ, ಕೋಟಿನ ತೋಳನ್ನು ಮೇಜಿನ ಮೇಲೆ ಹರಡುತ್ತ.

ನಾನು ಕಾನೂನಿನ ಪ್ರಕಾರ ಅವನ ಕೊಳೆ ಕೋಟಿನ ಜೇಬಿಗೆ ಕೈ ಹಾಕಿದೆ. ಹಿತ್ತಾಳೆ ಉಜ್ಜುವ ಪಾಲಿಶಿನ ಸೀಸೆ. ಮುಚ್ಚಳ ಸಡಿಲವಿತ್ತು. ಎತ್ತಿದ್ದೇ ತಡ, ಅರ್ಧ ಸೀಸೆ ನನ್ನ ಮೇಲಂಗಿಯ ಎದೆಯ ಮೇಲೆ. ಪಾಲಿಶಿನ ಕಲೆ ಒಂದು ಸಲ ಕೂತರೆ ಬಟ್ಟೆ ಹರಿದರೂ ಹೋಗುವುದಿಲ್ಲ. ಸೀಸೆಯನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಚೀಟಿ ಸಿಕ್ಕಿಸಿ, ಮೊಳೆಗೆ ಹಾಕಿದೆ. ಕೋಟಿನ ಉಳಿದ ಜೇಬುಗಳನ್ನೂ ನೋಡಿದೆ. ಆಮೇಲೆ ಮೇಲಂಗಿ ಬಿಚ್ಚಿ, ಉಂಡೆ ಮಾಡಿ, ಆಗಲೇ ಅರ್ಧ ಬಟ್ಟೆ ತುಂಬಿದ್ದ ದೊಡ್ಡ ಮಷೀನಿನೊಳಗೆ ಎಸೆದು, ಬಾಗಿಲು ಹಾಕಿ, ಗುಂಡಿ ಒತ್ತಿದೆ.

ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಮ್ಮನೆ ಅಲ್ಲ. ಊರಿನವರ ಜೇಬೆಲ್ಲ ತಡಕುವ ನಾವು ನಮ್ಮ ಮೇಲಂಗಿಯ ಜೇಬನ್ನು ಯಾವತ್ತೂ ನೋಡಿದವರಲ್ಲ. ನಮ್ಮ ಜೇಬಿನಲ್ಲಿ ಏನಿರುತ್ತದೆ ಎಂಬ ಧೈರ್ಯ.

ಮಷೀನು ನೀರು ಕುಡಿದು ತಿರುಗತೊಡಗಿತು. ಸ್ವಲ್ಪ ಹೊತ್ತಿಗೆ ಒಳಗೆ ಟಕ್ ಎಂದು ಸದ್ದಾಯಿತು. ಮತ್ತೊಂದು ಸುತ್ತು, ಮತ್ತೊಂದು ಟಕ್.

"ನಿಮ್ಮ ಮಷೀನಿಗೆ ತಾಳಜ್ಞಾನ ಇದೆ ಕಣ್ರೀ," ಅಂದ ತುತ್ತೂರಿಯವನು, ಸ್ಟೂಲಿನ ಮೇಲೆ ಬೆರಳು ಬಡಿಯುತ್ತ. "ನಮ್ಮ ಡೋಲಿನವನಿಗಿಂತ ವಾಸಿ."

ಯಾರದ್ದೋ ಬೆಲ್ಟಿನ ಬಕಲ್ಲು ಇರಬೇಕು ಎಂದುಕೊಂಡೆ. ನನ್ನ ಬಲಗೈ ಅಭ್ಯಾಸದಂತೆ ತೊಡೆಯ ಹತ್ತಿರ ಹೋಯಿತು. ಅಲ್ಲಿ ಜೇಬಿರಲಿಲ್ಲ, ಮೇಲಂಗಿಯೇ ಇರಲಿಲ್ಲ.

ಟಕ್.

ಅಂಚಿಗೆ ಪೆಟ್ಟು ಬಿತ್ತು ಅಂದ್ರೆ ಹಾರಿತು ಅಂತಲೇ. ಅಂಗಡಿಯವನ ಉಗುರು ಕಣ್ಣ ಮುಂದೆ ಬಂತು. ನಾನು ತುತ್ತೂರಿಯವನ ತೋಳು ಹಿಡಿದು ಎಬ್ಬಿಸಿದೆ. ಏನು, ಯಾಕೆ ಎಂದು ಅವನು ಕೇಳುತ್ತಿದ್ದಂತೆ ಬಾಗಿಲು ತೆಗೆದು ಬೀದಿಗೆ ತಳ್ಳಿದೆ. "ಒಳಗೆ ಬರಬೇಡ, ಗಾಜಿನ ಹತ್ತಿರ ನಿಲ್ಲಬೇಡ," ಅಂದೆ. ನನ್ನ ದನಿ ತಣ್ಣಗೇ ಇತ್ತು. ಇಷ್ಟು ದಿನದ ಮರಗಟ್ಟುವಿಕೆ ಒಂದು ಉಪಯೋಗಕ್ಕೆ ಬಂತಲ್ಲ ಎಂದುಕೊಂಡದ್ದೂ ನೆನಪಿದೆ. ತಿರುಗಿ ಬಂದು ಗೋಡೆಯ ಸ್ವಿಚ್ಚು ಆರಿಸಿದೆ. ಆದರೆ ದೊಡ್ಡ ಮಷೀನು ಹಳೆಯದು, ಕರೆಂಟು ಹೋದರೂ ಡ್ರಮ್ಮು ತನ್ನ ಭಾರಕ್ಕೇ ಕೆಲವು ಸುತ್ತು ಹಾಕಿಯೇ ನಿಲ್ಲುತ್ತದೆ. ನೀರು ಇಳಿಯುವ ತನಕ ಬಾಗಿಲೂ ತೆರೆಯುವುದಿಲ್ಲ.

"ಏನಾಯ್ತೇ?" ಎಂದಳು ಅಕ್ಕ.

"ರಿವಾಲ್ವರ್ ಒಳಗಿದೆ. ಮೇಲಂಗಿ ಜೇಬಲ್ಲಿ."

ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಸ್ಟ್ಯಾಂಡಿಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ನಡೆದುಕೊಂಡು ಹೋಗಿ ಮಷೀನಿನ ದುಂಡು ಗಾಜಿನ ನೇರ ಎದುರಿಗೆ ನಿಂತು, ಸ್ವಲ್ಪ ಬಗ್ಗಿ, ಒಳಗೆ ಇಣುಕಿದಳು. ಗಾಜು ಅವಳ ಹೊಟ್ಟೆಯ ಮಟ್ಟಕ್ಕಿತ್ತು. ಒಳಗೆ ನೀಲಿ ಮೇಲಂಗಿ ನೊರೆಯಲ್ಲಿ ನಿಧಾನವಾಗಿ ಮೇಲೆ ಹೋಯಿತು.

ಆಗ ನನ್ನ ಎದೆ ಧಸಕ್ಕೆಂದಿತು.

ಅದನ್ನು ಹೇಗೆ ಹೇಳಲಿ. ಎಷ್ಟೋ ದಿನ ಮುಚ್ಚಿದ್ದ ಕೋಣೆಯ ಬಾಗಿಲನ್ನು ಯಾರೋ ಒದ್ದ ಹಾಗಾಯಿತು. "ಅಕ್ಕಾ, ಈಚೆ ಬಾ!" ಎಂದು ಅರಚಿದೆ. ಆ ದನಿ ನನ್ನದೆಂದು ನನಗೇ ಗುರುತು ಸಿಗಲಿಲ್ಲ. ಅವಳು ಕದಲಲಿಲ್ಲ. ನಾನು ಓಡಿ ಹೋಗಿ ಅವಳ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿ ಎಳೆದೆ. ಅಕ್ಕ ಗಟ್ಟಿ ಆಳು. ಇಬ್ಬರೂ ಹೊದಿಕೆಗಳ ರಾಶಿಯ ಮೇಲೆ ಬಿದ್ದೆವು. ನಾನು ಅವಳ ಮೇಲೆ ಬಿದ್ದು ಅವಳ ತಲೆಯನ್ನು ನನ್ನ ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದೆ.

ಟಕ್ ಎಂದಿತು ಮಷೀನು. ಆಮೇಲೆ ನಿಂತಿತು.

"ಬಿಡೇ, ಉಸಿರು ಕಟ್ಟುತ್ತೆ," ಅಂದಳು ಅಕ್ಕ ನನ್ನ ಎದೆಯೊಳಗಿಂದ. "ಏನೂ ಆಗಲ್ಲ. ಅದರಲ್ಲಿ ಗುಂಡಿಲ್ಲ."

ನಾನು ಬಿಡಲಿಲ್ಲ. ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

"ಸಣ್ಣೀ. ಗುಂಡಿಲ್ಲ ಅಂದೆ ಅದರಲ್ಲಿ."

ಅವಳು ಎದ್ದು ಕೂತು, ಕೂದಲು ಸರಿಮಾಡಿಕೊಂಡು, ಕೈಯೂರಿ ನಿಂತು, ಗೋಡೆಯ ಹತ್ತಿರ ಹೋದಳು. ಕೊನೆಯ ಮೊಳೆಯಿಂದ ಆ ಬಿಳಿ ಚೀಲವನ್ನು ತೆಗೆದು ತಂದು ನನ್ನ ಮಡಿಲಲ್ಲಿಟ್ಟಳು. ಬಾಯಿ ಬಿಚ್ಚುವ ಮೊದಲೇ ಗೊತ್ತಾಯಿತು. ಒಳಗಿನ ಪುಟ್ಟ ಪುಟ್ಟ ಗುಂಡುಗಳು ಬೆರಳಿಗೆ ತಾಗಿದವು.

"ಯಾವಾಗ?"

"ಗಂಜಿ ಬಕೆಟ್ ಕೇಳ್ದೆನಲ್ಲ, ಅವತ್ತೇ. ನೀನು ಮೇಲಂಗಿ ಬಿಚ್ಚಿಟ್ಟು ಊಟಕ್ಕೆ ಕೂತಾಗ."

"ನಿನಗೆ ಅದನ್ನ ಬಿಚ್ಚೋಕೆ ಬರುತ್ತಾ?"

"ಜನರ ಜೇಬಲ್ಲಿ ಏನೇನು ಡಬ್ಬಿ ಬರುತ್ತೆ, ಎಲ್ಲಾನೂ ಬಿಚ್ಚಿಲ್ವಾ ನಾನು? ಅಲ್ಲಿ ಇಲ್ಲಿ ಒತ್ತಿದೆ, ಬಿಚ್ಕೊಳ್ತು." ಅಕ್ಕ ನನ್ನ ಪಕ್ಕ ರಾಶಿಯ ಮೇಲೆ ಕೂತಳು. "ನೀನು ನೋಡ್ಕೊಂಡು ಜಗಳಕ್ಕೆ ಬರ್ತೀಯ ಅಂತ ದಿನಾ ಕಾದೆ. ನೀನು ನೋಡ್ಲೇ ಇಲ್ಲ. ಅದಕ್ಕೇ ಇನ್ನೂ ಹೆದರಿಕೆ ಆಯ್ತು."

ಇಷ್ಟು ದಿನ ನಾನು ಬರಿದಾದ ಕಬ್ಬಿಣವನ್ನು ಹೊತ್ತು ಕೌಂಟರಿನಲ್ಲಿ ಕೂತಿದ್ದೆ. ತುಂಬಿದ್ದಾಗಲೂ ಹಗುರ, ಬರಿದಾದಾಗಲೂ ಹಗುರ. ನನಗೆ ಗೊತ್ತಾಗದೇ ಇದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

"ಅವನು ಮತ್ತೆ ಬಂದಿದ್ರೆ?" ಎಂದು ಕೇಳಿದೆ. "ಚಾಕು ಹಿಡ್ಕೊಂಡು ಬಂದಿದ್ರೆ, ನಾನು ಇದನ್ನ ತೆಗೆದು ಒತ್ತಿದ್ರೆ, ಏನಾಗ್ತಿತ್ತು?"

"ನಾನಿರ್ಲಿಲ್ವಾ ಹಿಂದೆ?" ಎಂದು ಅಕ್ಕ ಇಸ್ತ್ರಿ ಮೇಜಿನ ಕಡೆ ಗದ್ದ ತೋರಿಸಿದಳು. ಸ್ಟ್ಯಾಂಡಿನ ಮೇಲೆ ಪೆಟ್ಟಿಗೆ ಕಾಯುತ್ತಿತ್ತು. "ಕಾದಿದ್ದನ್ನ ಮುಖಕ್ಕಿಟ್ರೆ ಯಾವ ಕಳ್ಳ ನಿಲ್ತಾನೆ? ಕಳ್ಳಂದು ನಾನು ನೋಡ್ಕೊಳ್ತಿದ್ದೆ. ನನಗೆ ಹೆದರಿಕೆ ಇದ್ದದ್ದು ಕಳ್ಳಂದಲ್ಲ."

ಅವಳು ನನ್ನ ಮಡಿಲಿನ ಚೀಲದ ಮೇಲೆ ಕೈಯಿಟ್ಟಳು. ಸೋಪಿನಲ್ಲಿ ಬೆಂದು ಸುಕ್ಕಾದ ಕೈ. ಆಮೇಲೆ ಅಮ್ಮ ಇಟ್ಟ ಕಾನೂನನ್ನು ಅವಳು ಮುರಿದದ್ದನ್ನು ನಾನು ಮೊದಲ ಸಲ ನೋಡಿದೆ.

"ಇದು ಯಾಕೆ ಇತ್ತು ನಿನ್ನ ಹತ್ರ?" ಎಂದು ಕೇಳಿದಳು. "ಹೇಳು. ಯಾರಿಗೆ?"

ಯಾವ ಗಿರಾಕಿಗೂ ನಾವು ಹಾಗೆ ಕೇಳಿದ್ದಿಲ್ಲ. ಕೇಳಿದರೆ ನಾಳೆ ಬರುವುದಿಲ್ಲ ಎಂಬ ಹೆದರಿಕೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಕಳ್ಳನಿಗೆ ಎಂದು ಹೇಳಲು ಬಾಯಿ ತೆರೆದೆ.

"ಮೊದಲು ಅವನಿಗೇ ಅಂತ ತಂದೆ," ಅಂದೆ. "ಆಮೇಲೆ ಗೊತ್ತಿಲ್ಲ ಅಕ್ಕ. ಒಂದೊಂದು ಸಲ ನನಗೇ ಅನ್ನಿಸ್ತಿತ್ತು. ಬೇಜಾರಾಗಿ ಅಲ್ಲ. ಏನೂ ಆಗ್ತಿರ್ಲಿಲ್ಲ ನನಗೆ. ಇದ್ದರೂ ಇಲ್ಲದ ಹಾಗೇ ಇದ್ದೆ, ಅಷ್ಟೇ."

"ಹೂಂ," ಅಂದಳು ಅಕ್ಕ. ಬೈಯಲಿಲ್ಲ. ನನ್ನ ಮಣಿಕಟ್ಟಿನ ಸುಟ್ಟ ಕಲೆಯ ಮೇಲೆ ಹೆಬ್ಬೆರಳು ಆಡಿಸುತ್ತ ಕೂತಳು. "ಈಗ?"

"ಈಗ ಮೈಯೆಲ್ಲ ನಡುಗ್ತಿದೆ."

"ನಡುಗ್ಲಿ ಬಿಡು," ಅಂದಳು. "ನಾಳೆ ಡಾಕ್ಟರ ಹತ್ರ ಹೋಗೋಣ. ಹಲ್ಲಿನವರಲ್ಲ."

ಮಷೀನಿನ ನೀರು ಇಳಿಯುವ ಸದ್ದು ಕೇಳಿಸುತ್ತಿತ್ತು. ಚೀಲವನ್ನು ಅವಳ ಕೈಗೆ ವಾಪಸು ಕೊಟ್ಟೆ. "ಈ ಗಿರಾಕಿ ಇದನ್ನ ಕೇಳಲ್ಲ," ಅಂದೆ. "ಆ ಅಂಗಡಿಯವನಿಗೇ ಎರಡನ್ನೂ ಕೊಟ್ಟು ಬರೋಣ." ಅಕ್ಕ ಅದನ್ನು ಮೊಳೆಗೆ ಹಾಕಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡು ಇಸ್ತ್ರಿ ಮೇಜಿಗೆ ಹೋದಳು. ಕೆಂಪು ಕೋಟಿನ ಒಂದು ತೋಳು ಇನ್ನೂ ಬಾಕಿ ಇತ್ತು.

ನಾನು ಕಾಲೆಳೆದುಕೊಂಡು ಕೌಂಟರಿಗೆ ಬಂದು ನಿಂತೆ. ಮೇಲಂಗಿ ಇಲ್ಲದೆ ಮೈಗೆ ಚಳಿಯಾಯಿತು. ಚಳಿಯಾಗುತ್ತಿದೆ ಎಂದು ಗೊತ್ತಾಯಿತು.

ಬಾಗಿಲ ಗಂಟೆ ಕಿಣಿ ಎಂದಿತು. ತುತ್ತೂರಿಯವನು ತಲೆಯನ್ನಷ್ಟೇ ಒಳಗೆ ಹಾಕಿ, "ಈಗ ಬರಬಹುದಾ, ಇಲ್ಲ ಇನ್ನೂ ತಳ್ಳೋದಿದೆಯಾ?" ಎಂದು ಕೇಳಿದ.

ನನ್ನ ಬೆನ್ನ ಹಿಂದೆ ಇಸ್ತ್ರಿ ಪೆಟ್ಟಿಗೆ ಸ್ಟ್ಯಾಂಡಿನಿಂದ ಮೇಲೆದ್ದ ಸದ್ದಾಯಿತು.

ದಿನಾ, ಬಾಗಿಲ ಗಂಟೆ ಕಿಣಿ ಎಂದಾಗಲೆಲ್ಲ, ಈ ಸದ್ದು ನನ್ನ ಬೆನ್ನಿಗೇ ಇತ್ತು. ನಾನು ಕೌಂಟರಿನ ಅಂಚನ್ನು ಹಿಡಿದುಕೊಂಡೆ. ಅಳು ಬಂತು, ತಡೆಯಲಿಲ್ಲ. ತುತ್ತೂರಿಯವನು ಏನು ಮಾಡಬೇಕೆಂದು ತಿಳಿಯದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇಳಿಸು ಅಕ್ಕ," ಅಂದೆ, ತಿರುಗದೆ. "ಗಿರಾಕಿ."